ಬಾಯಿ ಬಿಡದ ಚುಕ್ಕವ್ವ

ಲೋಕ ಇನ್ನೂ ಹಸಿಯಾಗಿದ್ದ ಕಾಲ ಅದು. ಬೆಟ್ಟವನ್ನು ಒತ್ತಿದರೆ ಬೆರಳಿನ ಗುರುತು ಮೂಡುತ್ತಿತ್ತು. ಹೊಳೆಗೆ ಯಾವ ಕಡೆ ಹರಿಯಬೇಕೆಂದು ಇನ್ನೂ ಗೊತ್ತಾಗಿರಲಿಲ್ಲ. ದಿನಕ್ಕೊಂದು ದಾರಿ ಹಿಡಿದು, ಸಂಜೆಗೆ ಸುಸ್ತಾಗಿ, ಹೊರಟ ಜಾಗಕ್ಕೇ ಬಂದು ಕೂರುತ್ತಿತ್ತು. ಆಗ ನೀವೂ ಇರಲಿಲ್ಲ, ನಿಮ್ಮ ಮುತ್ತಜ್ಜಿಯ ಮುತ್ತಜ್ಜಿಯೂ ಇರಲಿಲ್ಲ. ಆದ್ದರಿಂದ ನಡುನಡುವೆ ಬಾಯಿ ಹಾಕಿ ಹಾಗಲ್ಲ, ಹೀಗೆ ಎನ್ನಬೇಡಿ. ಸುಮ್ಮನೆ ಕೂತು ಕೇಳಿ.

ಆ ಕಾಲದಲ್ಲಿ ಒಂದು ಕುರುಚಲು ಗುಡ್ಡದ ಬುಡದಲ್ಲಿ ಒಂದು ದಿಂಡಿಗದ ಮರ ಇತ್ತು. ಬಾಣಂತಿಯರಿಗೆ ಅಂಟಿನುಂಡೆ ಕಟ್ಟುತ್ತಾರಲ್ಲ, ಅಂಥ ಅಂಟು ಸುರಿಸುವ ಮರ. ಮರದ ಕೆಳಗೆ ಒಂದು ಚಪ್ಪಟೆ ಕಲ್ಲು. ಆ ಕಲ್ಲಿನ ಅಡಿಯಲ್ಲಿ ಚುಕ್ಕವ್ವ ಎಂಬ ಜೇಡ ಇದ್ದಳು.

ಚುಕ್ಕವ್ವ ನೆಲದವಳು. ಮರ ಹತ್ತುವವಳಲ್ಲ, ಕೊಂಬೆಯಿಂದ ಜೋತಾಡುವವಳೂ ಅಲ್ಲ. ಅಗಸೆ ಬೀಜದಷ್ಟು ಮೈ, ಮೈಮೇಲೆಲ್ಲ ಕಪ್ಪು ಚುಕ್ಕೆ, ಕೂದಲಿನಷ್ಟು ತೆಳ್ಳಗಿನ ಎಂಟು ಕಾಲು. ಬೇರೆ ಜೇಡಗಳಿಗೆ ಎಂಟು ಕಣ್ಣು, ಇವಳಿಗೆ ಆರೇ. ತಲೆ ಮಾತ್ರ ಆಗ ಎಲ್ಲರ ಹಾಗೆ ಚಪ್ಪಟೆಯಾಗಿಯೇ ಇತ್ತು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಚುಕ್ಕವ್ವ ಮೊದಲ ಸಲ ಮೊಟ್ಟೆ ಇಟ್ಟಾಗ, ಹುಟ್ಟಿನಿಂದ ಇದ್ದ ಒಂದೆರಡು ಎಳೆ ನೂಲಿನಲ್ಲಿ ಅವನ್ನು ಗಂಟು ಕಟ್ಟಿ, ಕಲ್ಲಿನ ಪಕ್ಕದಲ್ಲಿ ಇಟ್ಟಳು. ನೀರು ಕುಡಿದು ಬರೋಣವೆಂದು ನಾಲ್ಕು ಹೆಜ್ಜೆ ಹೋದಳು. ನಾಲ್ಕೇ ಹೆಜ್ಜೆ. ತಿರುಗಿ ಬಂದು ನೋಡುವಷ್ಟರಲ್ಲಿ ಗಂಟು ಇರಲಿಲ್ಲ, ಇರುವೆಗಳ ಸಾಲು ಮಾತ್ರ ಇತ್ತು. ಸಾಲಿನ ಹಿಂದೆ ಓಡಿದಳು. ಎಷ್ಟು ಓಡಿದರೇನು, ಇರುವೆಗಳು ಹುತ್ತದೊಳಗೆ ಹೋಗಿಯಾಗಿತ್ತು. ಅವತ್ತು ಚುಕ್ಕವ್ವ ಹುತ್ತದ ಬಾಯಲ್ಲಿ ಕೂತು ಅತ್ತದ್ದನ್ನು ಗಾಳಿ ಕಂಡಿತ್ತು.

ಎರಡನೆಯ ಸಲ ಮೊಟ್ಟೆ ಇಟ್ಟಾಗ ಅವಳು ಒಂದು ತೀರ್ಮಾನ ಮಾಡಿದಳು. ಗಂಟನ್ನು ನೆಲಕ್ಕೆ ಇಡುವುದೇ ಇಲ್ಲ. ಮರಿಗಳು ಹೊರಬರುವ ತನಕ ಬಾಯಲ್ಲೇ ಕಚ್ಚಿಕೊಂಡಿರುವುದು. ನಡೆದರೂ ಬಾಯಲ್ಲೇ, ನಿಂತರೂ ಬಾಯಲ್ಲೇ, ಮಲಗಿದರೂ ಬಾಯಲ್ಲೇ.

ಅದೇ ಹೊತ್ತಿಗೆ ಭೂಮಿತಾಯಿ ಎಲ್ಲ ಜೇಡಗಳನ್ನೂ ಗುಡ್ಡದ ಮೇಲಕ್ಕೆ ಕರೆದಳು. ಯಾರು ಯಾವ ಕಸುಬಿನಿಂದ ಹೊಟ್ಟೆ ಹೊರೆಯಬೇಕು ಎನ್ನುವುದು ಅವತ್ತು ತೀರ್ಮಾನವಾಗಬೇಕಿತ್ತು. ಜೇಡಗಳು ಸಾಲುಗಟ್ಟಿ ನಿಂತವು. ಒಬ್ಬಳು ಬಂಡಿಯ ಗಾಲಿಯಂಥ ದೊಡ್ಡ ಬಲೆ ಬೇಕೆಂದಳು, ಸಿಕ್ಕಿತು. ಒಬ್ಬಳು ಬಿಲಕ್ಕೆ ಬಾಗಿಲು ಬೇಕೆಂದಳು, ಸಿಕ್ಕಿತು. ಜಿಗಿಮಲ್ಲ ಎಂಬ ಜೇಡ ನೆಗೆಯುವ ಕಾಲು ಬೇಕೆಂದ. ಕೊಟ್ಟ ಮೇಲೆ, ಎಲ್ಲಿಗೆ ನೆಗೆಯಬೇಕೆಂದು ಕಾಣಬೇಡವೇ ಎಂದು ಎರಡು ದೊಡ್ಡ ಕಣ್ಣನ್ನೂ ಕೇಳಿ ಇಸಿದುಕೊಂಡ. ಅವನು ಅಂಥವನೇ.

ಚುಕ್ಕವ್ವನ ಸರದಿ ಬಂದಿತು.

"ನಿನಗ ಏನ ಬೇಕು, ತಂಗಿ?" ಎಂದಳು ಭೂಮಿತಾಯಿ.

ಚುಕ್ಕವ್ವನಿಗೆ ಬೇಕಾದದ್ದು ಬಹಳ ಇತ್ತು. ಆದರೆ ಹೇಳುವುದು ಹೇಗೆ? ಬಾಯಿ ತೆರೆದರೆ ಗಂಟು ಬೀಳುತ್ತದೆ. ಗಂಟನ್ನು ಕೆಳಗಿಟ್ಟು ಮಾತಾಡೋಣವೆಂದರೆ, ಜೇಡಗಳ ಸಾಲಿನ ಪಕ್ಕದಲ್ಲೇ ಇರುವೆಗಳ ಸಾಲು ನಿಂತಿದೆ. ನನಗೆ ಮಾತಾಡಲು ಆಗುವುದಿಲ್ಲ ತಾಯೀ ಎನ್ನುವಂತೆ ಚುಕ್ಕವ್ವ ತಲೆಯಾಡಿಸಿದಳು. ಆ ಕಡೆ, ಈ ಕಡೆ.

"ಹುಳಾ ಹಿಡಿಯೂ ಬಲಿ ಬೇಕೇನು?"

ಚುಕ್ಕವ್ವ ತಲೆಯಾಡಿಸಿದಳು. ಆ ಕಡೆ, ಈ ಕಡೆ.

"ನೆಗಿಯೂ ಕಾಲು?"

ಮತ್ತೆ ತಲೆಯಾಡಿಸಿದಳು. ಆ ಕಡೆ, ಈ ಕಡೆ.

ಭೂಮಿತಾಯಿಯಾದರೇನು, ಬೆಳಗಿನಿಂದ ಹಂಚಿ ಹಂಚಿ ಅವಳಿಗೂ ಕೈ ಸೋತಿತ್ತು. "ಎಲ್ಲಾರೂ ಬೇಕು ಬೇಕು ಅಂತಾರ. ಇಷ್ಟು ಮಂದ್ಯಾಗ ಬ್ಯಾಡ ಅಂದಾಕಿ ನೀನೊಬ್ಬಾಕಿ. ಸುಖವಾಗಿರು," ಎಂದು ಹರಸಿ, ಸೆರಗು ಕೊಡವಿಕೊಂಡು ಎದ್ದೇ ಬಿಟ್ಟಳು. ಚುಕ್ಕವ್ವ ಬಾಯಿ ಮುಚ್ಚಿಕೊಂಡೇ ಗುಡ್ಡ ಇಳಿದಳು. ಕಸುಬಿಲ್ಲ, ಬಲೆಯಿಲ್ಲ, ನೆಗೆಯುವ ಕಾಲಿಲ್ಲ. ಹರಕೆಯೊಂದಿತ್ತು, ಅದರಿಂದ ಹೊಟ್ಟೆ ತುಂಬುತ್ತದೆಯೇ?

ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು, ಹತ್ತು ದಿನ ಕಳೆಯಿತು. ಬಾಯಲ್ಲಿ ಗಂಟು ಇರುವವಳು ಏನನ್ನು ತಿನ್ನುತ್ತಾಳೆ? ಚುಕ್ಕವ್ವನ ಹೊಟ್ಟೆ ಬೆನ್ನಿಗೆ ಹತ್ತಿತು. ಕಾಲುಗಳು ಇನ್ನೂ ಸಣ್ಣಗಾದವು.

ಗಾಳಿಗೆ ಒಂದು ಗುಣ ಉಂಟು, ಕಂಡದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದು. ನೇರ ದಿಂಡಿಗದ ಮರದ ತುದಿಗೆ ಹೋಗಿ ಹೇಳಿತು.

"ಅಜ್ಜಿ, ನಿನ್ನ ಬುಡದಾಗ ಒಬ್ಬಾಕಿ ಉಪವಾಸ ಬಿದ್ದಾಳ, ನೋಡೀಯೇನು?"

"ಯಾರಪಾ?"

"ಚುಕ್ಕವ್ವ. ಬಾಯಾಗ ತತ್ತಿಗಂಟು ಕಚಗೊಂಡು ಕುಂತಾಳ. ತತ್ತಿ ಅಂದ್ರ ಅದರ ಮ್ಯಾಲೇ ಜೀವ ಆಕಿಗೆ."

ದಿಂಡಿಗದಜ್ಜಿ ಬಗ್ಗಿ ನೋಡಿದಳು. ನೋಡಿ ಸಿಟ್ಟೇ ಬಂತು ಅವಳಿಗೆ. "ಇದೇನ ಹಟ ಹಿಡದೀಯೇ ಹುಡುಗಿ? ನಿನ್ನ ಬಸುರಿ ಅನ್ನಬೇಕೋ ಬಾಣಂತಿ ಅನ್ನಬೇಕೋ ನನಗ ತಿಳೀವಲ್ದು. ಹೋಗ್ಲಿ, ಇಬ್ಬರಿಗೂ ಔಷಧ ಒಂದ," ಎಂದು ತೊಗಟೆಯ ಬಿರುಕಿನಿಂದ ಒಂದು ಹನಿ ಅಂಟನ್ನು ತೊಟ್ಟಿಕ್ಕಿಸಿದಳು. ಹನಿ ಚುಕ್ಕವ್ವನ ಮುಂದೆಯೇ ಬಿತ್ತು. "ಗಂಟು ಇಳಸಬ್ಯಾಡ. ಬಾಯಿ ಮೂಲಿಯಿಂದ ಹೀರಿಕೋ. ನಡಕ್ಕ ಬಲ ಬರ್ತದ."

ಚುಕ್ಕವ್ವ ಬಾಯಿಯ ಮೂಲೆಯಿಂದ ಮೆಲ್ಲಗೆ ಹೀರಿದಳು. ಸಿಹಿಯಾಗಿತ್ತು. ನುಂಗಬೇಕೆನ್ನುವಷ್ಟರಲ್ಲಿ ಅವಳಿಗೆ ಒಂದು ಯೋಚನೆ ಬಂತು. ಇಷ್ಟು ಒಳ್ಳೆಯದನ್ನು ನಾನೊಬ್ಬಳೇ ನುಂಗುವುದೇ? ನಾಳೆ ಮರಿಗಳು ಹಸಿದು ಬಂದರೆ ಕೊಡಲು ಏನಿದೆ? ಅರ್ಧ ನುಂಗಿದಳು, ಅರ್ಧವನ್ನು ದವಡೆಯ ಒಳಗೆ, ತಲೆಯ ಕಡೆಗೆ, ತಳ್ಳಿ ಇಟ್ಟುಕೊಂಡಳು. ನೋಡಿ, ತಪ್ಪು ಮಾಡಿದ್ದು ಇಲ್ಲೇ. ಪ್ರೀತಿಯದ್ದನ್ನೆಲ್ಲ ಬಾಯಲ್ಲಿ ಇಟ್ಟುಕೊಳ್ಳುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

ದಿಂಡಿಗದಜ್ಜಿ ದಿನಕ್ಕೊಂದು ಹನಿ ಕೊಟ್ಟಳು. ಚುಕ್ಕವ್ವ ದಿನಕ್ಕರ್ಧ ಹನಿ ಕೂಡಿಟ್ಟಳು. "ಎಲ್ಲಾ ತಿಂದೀಯಿಲ್ಲೋ?" ಎಂದು ಅಜ್ಜಿ ಕೇಳಿದರೆ ಬೇರೆ ಕಡೆ ನೋಡುವಳು.

ಅಂಟಿನ ಗುಣ ನಿಮಗೆ ಗೊತ್ತಿರಬೇಕು. ಚೂರನ್ನು ನೀರಿನಲ್ಲಿ ನೆನೆಹಾಕಿದರೆ ಬಟ್ಟಲು ತುಂಬುತ್ತದೆ. ಚುಕ್ಕವ್ವನ ತಲೆಯೊಳಗೆ ಕೂತ ಅಂಟೂ ಹಾಗೆಯೇ ನೆನೆಯಿತು, ಉಬ್ಬಿತು, ಮತ್ತೆ ಉಬ್ಬಿತು. ಚಪ್ಪಟೆಯಾಗಿದ್ದ ತಲೆ ದಿನದಿನಕ್ಕೆ ಗುಂಡಗಾಗಿ, ಹೆಗಲಿನವರೆಗೂ ಬೋರಲು ಹಾಕಿದ ಬೋಗುಣಿಯ ಹಾಗಾಯಿತು. ಗಾಲಿ ಬಲೆಯವಳು ಮೇಲಿನಿಂದ ನೋಡಿ ನಕ್ಕಳು. ಬಾಗಿಲ ಬಿಲದವಳು ಬಾಗಿಲು ಅರ್ಧ ತೆರೆದು ನಕ್ಕಳು. ನಗುವವರು ನಗಲಿ. ತಲೆ ಭಾರ, ಬಾಯಿ ಭಾರ, ಎಲ್ಲಿ ತುಳುಕುತ್ತದೋ ಎಂದು ಹೆದರಿ ಚುಕ್ಕವ್ವ ತುದಿಗಾಲಿನಲ್ಲಿ ನಡೆಯತೊಡಗಿದಳು. ತುಂಬಿದ ಕೊಡ ಹೊತ್ತವಳ ಹಾಗೆ ಒಂದೊಂದೇ ಹೆಜ್ಜೆ, ಒಂದೊಂದೇ ಹೆಜ್ಜೆ.

ಅವಳು ಹೀಗೆ ನಡೆಯುವುದನ್ನು ಜಿಗಿಮಲ್ಲ ಕಂಡ.

ಅವನಿಗೆ ಓಡುವ ಬೇಟೆ ಸಾಕಾಗಿತ್ತು. ಕಲ್ಲಿನ ಮೇಲೆ ಕೂತು ದೊಡ್ಡ ಕಣ್ಣುಗಳಿಂದ ನೋಡಿ ಲೆಕ್ಕ ಹಾಕಿದ. ಇವಳು ಓಡಲಾರಳು, ಬಲೆ ಇಲ್ಲ, ಬಾಗಿಲಿಲ್ಲ. ಬಾಯಲ್ಲಿ ಮಕ್ಕಳನ್ನು ಇಟ್ಟುಕೊಂಡವಳು ಕಚ್ಚಲಾರಳು. ಕಚ್ಚಲು ಬಾಯಿ ತೆರೆದರೆ ಗಂಟು ಬೀಳುತ್ತದೆ, ಬಿದ್ದರೆ ಮೊದಲ ತುತ್ತು ಗಂಟು, ಎರಡನೆಯ ತುತ್ತು ಇವಳು. ತೆರೆಯದಿದ್ದರೆ ಎರಡೂ ಒಂದೇ ತುತ್ತು.

ಮೊದಲ ದಿನ ದೂರದಿಂದ ನೋಡಿ ಹೋದ. ಮರುದಿನ ಹತ್ತಿರ ಬಂದು ನೋಡಿ ಹೋದ. ಚುಕ್ಕವ್ವ ಕಲ್ಲಿನ ಅಡಿಯಲ್ಲಿ ಆದಷ್ಟೂ ಒಳಗೆ ಸರಿದು ಕೂತಳು. ಗಂಟಿನೊಳಗೆ ಮರಿಗಳು ಆಗಲೇ ಮಿಸುಕಾಡತೊಡಗಿದ್ದವು. ತುಟಿಗೆ ಕಚಗುಳಿಯಿಟ್ಟ ಹಾಗಾಗುತ್ತಿತ್ತು. ಇನ್ನೊಂದು ದಿನ, ಇನ್ನೊಂದೇ ದಿನ ಕಳೆದರೆ ಸಾಕು ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಮೂರನೆಯ ದಿನ ಬಿಸಿಲೇರುವ ಹೊತ್ತಿಗೆ ಜಿಗಿಮಲ್ಲ ಅವಳ ಎದುರಿಗೇ ಬಂದು ನಿಂತ. ಹಿಂದೆ ಕಲ್ಲು, ಮುಂದೆ ಅವನು. ಎಡಕ್ಕೂ ಬಲಕ್ಕೂ ಅವನ ಒಂದೊಂದು ನೆಗೆತದಷ್ಟೇ ಜಾಗ.

"ಚುಕ್ಕವ್ವ, ನನಗೂ ನಿನಗೂ ಏನೂ ಹಗಿ ಇಲ್ಲ," ಎಂದ ಅವನು, ನೆರೆಮನೆಯವನು ಮಾತಾಡುವ ಹಾಗೆ. "ಆ ಗಂಟು ಅಲ್ಲೇ ಇಳಿಸಿ ನೀ ಹೋಗು. ನಿನ್ನ ಮುಟ್ಟೂದಿಲ್ಲ."

ಚುಕ್ಕವ್ವ ತಲೆಯಾಡಿಸಿದಳು. ಆ ಕಡೆ, ಈ ಕಡೆ.

"ಮತ್ತ ಇಟ್ಟರಾತು. ತತ್ತಿಗೇನ ಬರ?"

ಚುಕ್ಕವ್ವ ತಲೆಯಾಡಿಸಿದಳು. ಆ ಕಡೆ, ಈ ಕಡೆ.

"ಹಂಗಾದ್ರ ನಿನ್ನ ಇಷ್ಟ," ಎಂದು ಜಿಗಿಮಲ್ಲ ಹಿಂಗಾಲು ಮಡಿಚಿ ನೆಲಕ್ಕೆ ಒತ್ತಿದ.

ಮರದ ಮೇಲೆ ಗಾಳಿ ಉಸಿರು ಬಿಗಿ ಹಿಡಿಯಿತು. ಒಂದು ಎಲೆಯೂ ಅಲುಗಲಿಲ್ಲ. ದಿಂಡಿಗದಜ್ಜಿ ಏನು ಮಾಡಿಯಾಳು ಪಾಪ, ಬೇರೂರಿದವಳು.

ಚುಕ್ಕವ್ವ ಗಂಟನ್ನು ಇನ್ನಷ್ಟು ಬಿಗಿಯಾಗಿ ಕಚ್ಚಿಕೊಂಡಳು. ಬಾಯಲ್ಲೇ ಇಟ್ಟುಕೊಂಡರೆ ನಾನೂ ಹೋಗುತ್ತೇನೆ, ಮಕ್ಕಳೂ ಹೋಗುತ್ತಾರೆ. ಕೆಳಗಿಟ್ಟರೆ ಒಂದು ಸಲ ಕಚ್ಚಿಯಾದರೂ ನೋಡಬಹುದು. ಆದರೆ ಕೆಳಗಿಡುವುದು ಹೇಗೆ? ಹಿಂದಿನ ಸಲ ಕೆಳಗಿಟ್ಟದ್ದು ಅವಳಿಗೆ ಮರೆತಿರಲಿಲ್ಲ. ಆ ನಾಲ್ಕು ಹೆಜ್ಜೆಗಳು ಮರೆತಿರಲಿಲ್ಲ. ಇಪ್ಪತ್ತು ದಿನ ಬಿಡದ ಬಾಯಿ ಈಗ ಬಿಡು ಎಂದರೆ ಬಿಟ್ಟೀತೇ?

ಈ ಸಲ ಒಂದು ಹೆಜ್ಜೆಯೂ ಆಚೆ ಹೋಗುವುದಿಲ್ಲ ಎಂದುಕೊಂಡಳು. ಬಗ್ಗಿದಳು. ಗಂಟನ್ನು ನೆಲಕ್ಕೆ ಇಟ್ಟಳು, ತನ್ನ ಮುಂಗಾಲುಗಳ ನಡುವೆ, ತನ್ನ ನೆರಳಿನಲ್ಲೇ. ಅದರ ಮೇಲೆ ನಿಂತುಕೊಂಡಳು. ತಲೆಯೆತ್ತಿ ಜಿಗಿಮಲ್ಲನನ್ನು ನೋಡಿದಳು, ತಲೆಯಾಡಿಸಿದಳು, ಭೂಮಿತಾಯಿಯ ಮುಂದೆಯೂ ಆಡದಿದ್ದ ಒಂದು ಮಾತನ್ನು ಆಡಲೆಂದು ಬಾಯಿ ತೆರೆದಳು.

ಬ್ಯಾಡ, ಎನ್ನಬೇಕೆಂದಿದ್ದಳು.

ಮಾತು ಬರಲಿಲ್ಲ. ಅಂಟು ಬಂತು.

ಹತ್ತು ದಿನ ತಲೆಯೊಳಗೆ ನೆನೆದು ಒತ್ತಿಕೊಂಡಿದ್ದ ಅಂಟೆಲ್ಲ ಪಿಚಕ್ಕನೆ ಎರಡು ಎಳೆಯಾಗಿ ಹಾರಿತು. ತಲೆ ಆಡುತ್ತಲೇ ಇತ್ತಲ್ಲ, ಆ ಕಡೆ, ಈ ಕಡೆ? ಅಂಟೂ ಹಾಗೆಯೇ ಬಿತ್ತು. ಆ ಕಡೆ ಒಂದು ಗೆರೆ, ಈ ಕಡೆ ಒಂದು ಗೆರೆ, ಮತ್ತೆ ಆ ಕಡೆ, ಮತ್ತೆ ಈ ಕಡೆ. ನೆಗೆಯಲೆಂದು ಕಾಲೆತ್ತಿದ ಜಿಗಿಮಲ್ಲ ಎತ್ತಿದ ಹಾಗೆಯೇ ನೆಲಕ್ಕೆ ಅಂಟಿಕೊಂಡ. ಬಲಗಾಲು ಎಳೆದ, ಬರಲಿಲ್ಲ. ಎಡಗಾಲು ಎಳೆದ, ಬರಲಿಲ್ಲ. ಕೇಳಿ ಕೇಳಿ ಇಸಿದುಕೊಂಡ ಕಣ್ಣುಗಳು ಮಾತ್ರ ಪಿಳಿಪಿಳಿ ಎನ್ನುತ್ತಿದ್ದವು.

ಚುಕ್ಕವ್ವ ಅವನನ್ನು ನೋಡಲೇ ಇಲ್ಲ. ಮೊದಲು ಬಗ್ಗಿ ಗಂಟನ್ನು ಮುಟ್ಟಿದಳು. ಇತ್ತು. ತಿರುಗಿಸಿ ಮುಟ್ಟಿದಳು. ಹರಿದಿರಲಿಲ್ಲ, ನಲುಗಿರಲಿಲ್ಲ, ಒಳಗೆ ಮರಿಗಳು ಮೊದಲಿಗಿಂತ ಜೋರಾಗಿ ಒದೆಯುತ್ತಿದ್ದವು. ಆಗ ಅವಳ ಎಂಟೂ ಕಾಲು ಒಟ್ಟಿಗೆ ಸಡಿಲವಾದವು. ಹಾಗೇ ಕುಸಿದು ಕೂತು, ಮೊಟ್ಟೆಯಿಟ್ಟ ದಿನದಿಂದ ಬಿಡದಿದ್ದ ಒಂದು ಉಸಿರನ್ನು ಉಸ್ಸಪ್ಪಾ ಎಂದು ಬಿಟ್ಟಳು. ಮೇಲೆ ಗಾಳಿಯೂ ಬಿಟ್ಟಿತು. ದಿಂಡಿಗದ ಮರದ ಎಲೆಗಳೆಲ್ಲ ಒಮ್ಮೆ ಸರಸರ ಎಂದವು.

ಅಷ್ಟರಲ್ಲಿ ವಾಸನೆ ಹಿಡಿದು ಇರುವೆಗಳ ಸಾಲು ಬಂತು. ಚುಕ್ಕವ್ವ ದಡಕ್ಕನೆ ಎದ್ದಳು. ಸಾಲಿನ ಮುಂದಿನ ಇರುವೆ ಅಂಟಿನ ಗೆರೆಗೆ ಕಾಲಿಟ್ಟು, ಕಾಲು ಕಿತ್ತುಕೊಳ್ಳಲು ಒದ್ದಾಡಿ, "ಇಲ್ಲಿ ದಾರಿ ಇಲ್ಲ," ಎಂದು ಹಿಂದಿನವರಿಗೆ ಹೇಳಿತು. ಸಾಲು ಹಾಗೇ ಸುತ್ತಿ ಬೇರೆ ಕಡೆಗೆ ಹೊರಟುಹೋಯಿತು. ಚುಕ್ಕವ್ವ ಮತ್ತೆ ಕೂತಳು. ಈ ಸಲ ನಿಜವಾಗಿ ಕೂತಳು.

"ಅಜ್ಜಿ," ಎಂದಳು. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ನೀ ಕೊಟ್ಟದ್ದೆಲ್ಲಾ ಚೆಲ್ಲಿಬಿಟ್ಟೆ. ಮಕ್ಕಳಿಗೆ ಅಂತ ಇಟ್ಟಿದ್ದೆ."

"ಗೊತ್ತದ ಬಿಡು, ಕಳ್ಳಿ. ಎಲ್ಲಾ ತಿಂದೀಯಿಲ್ಲೋ ಅಂದಾಗೆಲ್ಲಾ ಮಾರಿ ಆಕಡೆ ತಿರುಗಸ್ತಿದ್ದಿ," ಎಂದಳು ಅಜ್ಜಿ. ಬೈಯುತ್ತಿದ್ದರೂ ಅವಳ ತೊಗಟೆಯ ಬಿರುಕುಗಳಲ್ಲೆಲ್ಲ ಅಂಟು ಒಸರುತ್ತಿತ್ತು. "ಮಕ್ಕಳಿಗಂತ ಇಟ್ಟಿದ್ದು ಮಕ್ಕಳಿಗೇ ಆತಲ್ಲ. ಮತ್ತೇನ ಬೇಕು?"

ಅವತ್ತು ಮಧ್ಯಾಹ್ನವೇ ಗಂಟು ಬಿಚ್ಚಿಕೊಂಡಿತು. ಒಂದು ಬಂತು, ಎರಡು ಬಂದವು, ಆಮೇಲೆ ಒಂದರ ಮೇಲೊಂದು ಬಿದ್ದುಕೊಂಡು ಎಲ್ಲವೂ ಬಂದವು. ಸಾಸಿವೆಗಿಂತ ಸಣ್ಣ ಮರಿಗಳು, ಎಲ್ಲಕ್ಕೂ ಬೆನ್ನಿನ ಮೇಲೆ ಚುಕ್ಕೆ, ಎಲ್ಲಕ್ಕೂ ಅವ್ವನ ಹಾಗೆ ಗುಂಡು ತಲೆ. ಅಂಟಿನ ಗೆರೆಯ ತುದಿಗೆ ಒಂದು ಕೊಬ್ಬಿದ ಗುಂಗುರು ಹುಳ ಬಂದು ಸಿಕ್ಕಿಕೊಂಡಿತ್ತು. ತಾಯಿ ಮಕ್ಕಳೆಲ್ಲ ಸುತ್ತ ಕೂತು ಉಂಡರು. ಚುಕ್ಕವ್ವ ಹೊಟ್ಟೆ ತುಂಬ ಉಂಡದ್ದು ಅವತ್ತೇ.

ಜಿಗಿಮಲ್ಲನ ಗತಿ ಏನಾಯಿತು ಎನ್ನುತ್ತೀರಿ. ಸಂಜೆ ನಾಲ್ಕು ಹನಿ ಮಳೆ ಬಂತು, ಅಂಟು ನೆನೆದು ಸಡಿಲವಾಯಿತು. ಒಂದೊಂದೇ ಕಾಲನ್ನು ಬಿಡಿಸಿಕೊಂಡು, ನೆಗೆಯುವುದನ್ನೂ ಮರೆತು, ನಡೆದುಕೊಂಡೇ ಮನೆಗೆ ಹೋದ. ಅವನ ವಂಶದವರು ಈಗಲೂ ಚುಕ್ಕವ್ವನ ವಂಶದವರನ್ನು ಕಂಡರೆ ಎದುರಿಗೆ ಬರುವುದಿಲ್ಲ, ಹಿಂದಿನಿಂದ ಬಳಸಿಕೊಂಡು ಬರುತ್ತಾರೆ.

ಗಾಳಿ ಸುಮ್ಮನಿದ್ದೀತೇ? ಗುಡ್ಡದ ಮೇಲೆ ಹೋಗಿ ಭೂಮಿತಾಯಿಗೆ ಎಲ್ಲವನ್ನೂ ಊದಿತು. ಭೂಮಿತಾಯಿ ಮರುದಿನ ಬೆಳಗ್ಗೆಯೇ ಇಳಿದು ಬಂದು ಕಲ್ಲಿನ ಹತ್ತಿರ ಕೂತಳು. ಅವಳಿಗೆ ನಾಚಿಕೆಯಾಗಿತ್ತು.

"ನೀ ತಲಿ ಅಲ್ಲಾಡಿಸಿದಿ, ನಾ ಬ್ಯಾಡ ಅಂತೀ ಅಂತ ತಿಳದೆ. ಬಾಯಾಗೇನದ ಅಂತ ನೋಡಲೇ ಇಲ್ಲ, ನಂದ ತಪ್ಪಾತು. ಈಗ ಬಾಯಿ ಬಿಟ್ಟು ಕೇಳು. ಬಲಿ ಬೇಕೇನು?"

ಚುಕ್ಕವ್ವ ಯೋಚಿಸಿದಳು. ಮರಿಗಳು ಅವಳ ಕಾಲಿನಿಂದ ಕಾಲಿಗೆ ಹತ್ತಿ ಇಳಿದು ಆಡುತ್ತಿದ್ದವು. ತಲೆಯಾಡಿಸಿದಳು. ಆ ಕಡೆ, ಈ ಕಡೆ. ಈ ಸಲ ಬೇಡವೆಂದೇ ಆಡಿಸಿದ್ದು.

"ನೆಗಿಯೂ ಕಾಲು?"

"ಬ್ಯಾಡವ್ವ, ಮಕ್ಕಳು ಬೀಳ್ತಾವ," ಎಂದಳು. "ಅಂಟು ಒಂದು ಬತ್ತಲಾರದಂಗ ಮಾಡು. ಮುಂದಿನ ಸಲಾನೂ ಬೇಕಾಗ್ತದ."

ಭೂಮಿತಾಯಿ ಅವಳ ಗುಂಡು ತಲೆಯ ಮೇಲೆ ಒಂದು ಬೆರಳಿಟ್ಟು, ಹಾಗೇ ಆಗಲಿ ಎಂದಳು. ಲೋಕ ಒಣಗಿತು, ಬೆಟ್ಟ ಗಟ್ಟಿಯಾಯಿತು, ಹೊಳೆ ತನ್ನ ದಾರಿ ಹಿಡಿಯಿತು, ಆ ಅಂಟು ಮಾತ್ರ ಬತ್ತಲಿಲ್ಲ.

ಅಂದಹಾಗೆ, ಇದನ್ನು ಕೇಳಿ ನೀವು ಎಲ್ಲೆಂದರಲ್ಲಿ ಉಗುಳಿಕೊಂಡು ಓಡಾಡೀರಿ, ಬೆನ್ನಿಗೆ ಬೀಳುತ್ತದೆ. ಚುಕ್ಕವ್ವನ ಮಾತು ಬೇರೆ.

ಈಗಲೂ ಗುಡ್ಡದ ಬದಿಯಲ್ಲಿ ಒಂದು ಚಪ್ಪಟೆ ಕಲ್ಲನ್ನು ಎತ್ತಿ ನೋಡಿ. ಗುಂಡು ತಲೆಯ, ಚುಕ್ಕೆ ಮೈಯ ಜೇಡವೊಂದು ತುಂಬಿದ ಕೊಡ ಹೊತ್ತವಳ ಹಾಗೆ ತುದಿಗಾಲಿನಲ್ಲಿ ಮೆಲ್ಲಗೆ ಸರಿಯುತ್ತಿರಬಹುದು, ಪಕ್ಕದಲ್ಲಿ ಒಂದು ಗುಂಗುರು ಆ ಕಡೆ ಈ ಕಡೆ ಬಿದ್ದ ಅಂಟಿನ ಗೆರೆಗಳಲ್ಲಿ ಸಿಕ್ಕಿಕೊಂಡಿರಬಹುದು. ಅವಳ ಬಾಯಲ್ಲಿ ಬಿಳಿಯ ಗಂಟೊಂದು ಕಂಡರೆ ಏನನ್ನೂ ಕೇಳಬೇಡಿ, ಕಲ್ಲನ್ನು ಇದ್ದ ಹಾಗೆಯೇ ಮೆಲ್ಲಗೆ ಮುಚ್ಚಿ ಬನ್ನಿ. ಅವಳು ಉತ್ತರ ಕೊಡಲಾರಳು, ಅವತ್ತಿನ ಹಾಗೆ ಇವತ್ತೂ ಅವಳ ಬಾಯಿ ತುಂಬ ಮಕ್ಕಳಿದ್ದಾರೆ.